ಚುರುಕು ಜಾಸ್ತಿಯಾದರೆ ಆಯ್ಕೆ ಕಮ್ಮಿಯಾಗುತ್ತದೆಯೇ? ಪ್ರಾಡಕ್ಟ್ ಲೆಕ್ಕ ಹಾಕುವವರಿಗೆ ಒಂದು ಮಾರ್ಗದರ್ಶಿ

ಪ್ರೊಪೇನ್ ಅನಿಲಕ್ಕೆ ಕ್ಲೋರಿನ್ ಬೆರೆಸಿ ಬೆಳಕು ಬಿಟ್ಟರೆ ಎರಡು ಪ್ರಾಡಕ್ಟ್ ಸಿಗುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1-ಕ್ಲೋರೋಪ್ರೊಪೇನ್ ಶೇ. 45ರಷ್ಟು, 2-ಕ್ಲೋರೋಪ್ರೊಪೇನ್ ಶೇ. 55ರಷ್ಟು. ಕ್ಲೋರಿನ್ ಬದಲು ಬ್ರೋಮಿನ್ ಬಳಸಿ, 127 ಡಿಗ್ರಿಗೆ ಕಾಯಿಸಿ ಬೆಳಕು ಕೊಟ್ಟರೆ ಲೆಕ್ಕ ಪೂರ್ತಿ ಬದಲು. 2-ಬ್ರೋಮೋಪ್ರೊಪೇನ್ ಶೇ. 97, ಇನ್ನೊಂದು ಬರೀ ಶೇ. 3.

ಯಾಕೆ ಅಂತ ಕೇಳಿದರೆ ಕ್ಲಾಸಿನಲ್ಲಿ ಒಂದೇ ಸಾಲಿನ ಉತ್ತರ ಸಿಗುತ್ತದೆ. ಕ್ಲೋರಿನ್ ಪರಮಾಣು ತುಂಬಾ ಚುರುಕು, ಹಾಗಾಗಿ ಎದುರಿಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಬ್ರೋಮಿನ್ ಮಂದ, ಹಾಗಾಗಿ ಆರಿಸಿ ತೆಗೆದುಕೊಳ್ಳುತ್ತದೆ. ಹಸಿವು ರುಚಿ ನೋಡಲ್ಲ ಅಂತಾರಲ್ವಾ, ಹಾಗೆ. ನೆನಪಿಟ್ಟುಕೊಳ್ಳೋಕೆ ಇದು ಚೆನ್ನಾಗಿದೆ. ಆದರೆ ಇದೊಂದನ್ನೇ ಹಿಡಿದುಕೊಂಡು ಹೊಸ ರಿಯಾಕ್ಷನ್ ಒಂದರ ಪ್ರಾಡಕ್ಟ್ ಹೇಳಲು ಹೋದರೆ ಎಡವುವುದು ಗ್ಯಾರಂಟಿ.

ಸೆಲೆಕ್ಟಿವಿಟಿಯನ್ನು, ಅಂದರೆ ಈ ಆಯ್ಕೆಯನ್ನು, ತೀರ್ಮಾನಿಸುವುದು ರಿಯಾಕ್ಷನ್ ನಡೆಯಲು ದಾಟಬೇಕಾದ ಶಕ್ತಿಯ ತಡೆ ಎಷ್ಟು ಎತ್ತರ ಇದೆ ಅನ್ನುವುದಲ್ಲ. ಎರಡು ದಾರಿಗಳ ತಡೆಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದು. ತಡೆ ತಗ್ಗಿದಾಗ ಆ ವ್ಯತ್ಯಾಸವೂ ತಗ್ಗಬಹುದು, ತಗ್ಗದೆಯೂ ಇರಬಹುದು. ಯಾವಾಗ ಯಾವುದು ಅಂತ ಗುರುತಿಸುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಗೊತ್ತಿದ್ದರೆ ಸಾಕು. ಕ್ಯಾಲ್ಕ್ಯುಲೇಟರ್ ಒಂದು ಪಕ್ಕದಲ್ಲಿರಲಿ.

ಹೆಜ್ಜೆ 1: ಆಯ್ಕೆ ಯಾವುದರ ನಡುವೆ ಅಂತ ಬರೆದುಕೊಳ್ಳಿ

'ಈ ರಿಯಾಕ್ಷನ್ ಸೆಲೆಕ್ಟಿವ್' ಅಂತ ಸುಮ್ನೆ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಒಂದೇ ಅಣುವಿನ ಬೇರೆ ಬೇರೆ ಜಾಗಗಳ ನಡುವೆ ಆಯ್ಕೆ ಇರಬಹುದು, ಪ್ರೊಪೇನ್‌ನಲ್ಲಿ ಇದ್ದ ಹಾಗೆ. ಒಂದೇ ಅಣುವಿನಲ್ಲಿರುವ ಕೀಟೋನ್ ಮತ್ತು ಎಸ್ಟರ್ ನಡುವೆ ಇರಬಹುದು. ಬೆಂಜೀನ್, ಟಾಲುವೀನ್ ಎರಡನ್ನೂ ಒಂದೇ ಫ್ಲಾಸ್ಕಿಗೆ ಹಾಕಿದಾಗ ಎರಡು ಅಣುಗಳ ನಡುವೆ ಇರಬಹುದು. ಒಂದು ಸಲ ರಿಯಾಕ್ಷನ್ ಆಗಿ ನಿಲ್ಲುವುದಾ, ಎರಡು ಮೂರು ಸಲ ಆಗುವುದಾ ಅನ್ನುವುದೂ ಒಂದು ಆಯ್ಕೆಯೇ. ಇವುಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹಾಳಾಗಿರುವ ರಿಯಾಕ್ಷನ್‌ಗಳಿವೆ. ಅಂಥದ್ದೊಂದನ್ನು ಹೆಜ್ಜೆ 7ರಲ್ಲಿ ನೋಡೋಣ. ಅದಕ್ಕೇ ಹಾಳೆಯ ಮೇಲೆ ಮೊದಲು 'ಇದರ ಎದುರು ಅದು' ಅಂತ ಎರಡು ದಾರಿಗಳನ್ನೂ ಬರೆಯಿರಿ.

ಹೆಜ್ಜೆ 2: ಹೈಡ್ರೋಜನ್ ಎಣಿಸಿ

ಇದನ್ನು ಬಿಟ್ಟೇ ಮುಂದೆ ಹೋಗುವವರು ಜಾಸ್ತಿ. ಕ್ಲೋರಿನ್ ಪ್ರಾಡಕ್ಟ್ 45–55 ಅಂತ ನೋಡಿ 'ಆಯ್ಕೆ ಹತ್ತಿರ ಹತ್ತಿರ ಇಲ್ಲವೇ ಇಲ್ಲ' ಅಂದುಬಿಡುತ್ತಾರೆ. ಪ್ರೊಪೇನ್‌ನಲ್ಲಿ ತುದಿಯ ಎರಡು ಕಾರ್ಬನ್‌ಗಳಲ್ಲಿ ಒಟ್ಟು 6 ಪ್ರೈಮರಿ ಹೈಡ್ರೋಜನ್ ಇವೆ, ನಡುವಿನ ಕಾರ್ಬನ್‌ನಲ್ಲಿ 2 ಸೆಕೆಂಡರಿ. ಕ್ಲೋರಿನ್ ಕಣ್ಣು ಮುಚ್ಚಿ ಹಿಡಿದಿದ್ದರೆ 75–25 ಆಗಬೇಕಿತ್ತು. ಆಗಿದ್ದು 45–55. ಅಂದರೆ ನಡುವಿನ ಹೈಡ್ರೋಜನ್ ಕಡೆ ಅದಕ್ಕೆ ಒಲವಿದೆ.

ಆ ಒಲವು ಎಷ್ಟು ಅಂತ ತಿಳಿಯಲು ಪ್ರಾಡಕ್ಟ್ ಪಾಲನ್ನು ಹೈಡ್ರೋಜನ್ ಸಂಖ್ಯೆಯಿಂದ ಭಾಗಿಸಿ. 55ನ್ನು 2ರಿಂದ ಭಾಗಿಸಿದರೆ 27.5. 45ನ್ನು 6ರಿಂದ ಭಾಗಿಸಿದರೆ 7.5. ಅನುಪಾತ ಸುಮಾರು 3.7. ಬೇರೆ ಬೇರೆ ಆಲ್ಕೇನ್‌ಗಳಿಂದ ಹೀಗೆ ಲೆಕ್ಕ ಹಾಕಿ ಪಠ್ಯಪುಸ್ತಕಗಳು ಕೊಡುವ ಅಂಕಿಗಳು ಇವು. 25 ಡಿಗ್ರಿಯಲ್ಲಿ ಕ್ಲೋರಿನ್‌ಗೆ ಪ್ರತಿ ಹೈಡ್ರೋಜನ್‌ಗೆ ಪ್ರೈಮರಿ 1, ಸೆಕೆಂಡರಿ 3.8, ಟರ್ಷಿಯರಿ 5. 127 ಡಿಗ್ರಿಯಲ್ಲಿ ಬ್ರೋಮಿನ್‌ಗೆ 1, 82, 1600.

ಈ ಎರಡು ಸಾಲುಗಳನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಯಾವ ಆಲ್ಕೇನ್ ಕೊಟ್ಟರೂ ಲೆಕ್ಕ ಹಾಕಬಹುದು. ಐಸೋಬ್ಯೂಟೇನ್ ತಗೊಳ್ಳಿ. 9 ಪ್ರೈಮರಿ, 1 ಟರ್ಷಿಯರಿ. ಕ್ಲೋರಿನ್ ಆದರೆ 9 ಎದುರು 5, ಅಂದರೆ ಶೇ. 64 ಎದುರು 36. ಟರ್ಷಿಯರಿ ಜಾಗ ಐದು ಪಟ್ಟು ಚುರುಕಾಗಿದ್ದರೂ ಸಂಖ್ಯೆಯಲ್ಲಿ ಸೋಲುತ್ತದೆ. ಬ್ರೋಮಿನ್ ಆದರೆ 9 ಎದುರು 1600, ಶೇ. 99ಕ್ಕೂ ಜಾಸ್ತಿ ಟರ್ಷಿಯರಿ. 'ಟರ್ಷಿಯರಿ ರ‍್ಯಾಡಿಕಲ್ ಸ್ಥಿರ, ಆದ್ದರಿಂದ ಅದೇ ಮುಖ್ಯ ಪ್ರಾಡಕ್ಟ್' ಅಂತ ಕ್ಲೋರಿನ್ ಪ್ರಶ್ನೆಗೂ ಟಿಕ್ ಹಾಕಿ ಬರುವ ಹುಡುಗರು ಇಲ್ಲೇ ಮಾರ್ಕ್ಸ್ ಕಳೆದುಕೊಳ್ಳುವುದು.

ಹೆಜ್ಜೆ 3: ಅನುಪಾತವನ್ನು ಕಿಲೋಜೂಲ್‌ಗೆ ಬದಲಾಯಿಸಿ

3.8, 82 ಅಂತ ನೋಡಿದರೆ ಅದರ ಹಿಂದಿನ ಶಕ್ತಿ ಕಾಣುವುದಿಲ್ಲ. ಒಂದು ಅಂಕಿ ನೆನಪಿಡಿ: 25 ಡಿಗ್ರಿಯಲ್ಲಿ ಎರಡು ತಡೆಗಳ ನಡುವೆ ಪ್ರತಿ ಮೋಲ್‌ಗೆ 5.7 ಕಿಲೋಜೂಲ್ ವ್ಯತ್ಯಾಸ ಇದ್ದರೆ ವೇಗದಲ್ಲಿ 10 ಪಟ್ಟು ವ್ಯತ್ಯಾಸ. 11.4 ಇದ್ದರೆ 100 ಪಟ್ಟು. ಬೇರೆ ಉಷ್ಣತೆಗೆ ಬೇಕಾದರೆ 5.7ನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ 298ರಿಂದ ಭಾಗಿಸಿ. 127 ಡಿಗ್ರಿ ಅಂದರೆ 400 ಕೆಲ್ವಿನ್, ಆಗ ಅದು ಸುಮಾರು 7.7.

ಈಗ ನಮ್ಮ ಅಂಕಿಗಳಿಗೆ ಹಾಕಿ. 3.8ರ ಲಾಗ್ 0.58, ಅದನ್ನು 5.7ರಿಂದ ಗುಣಿಸಿದರೆ 3.3 ಕಿಲೋಜೂಲ್. 82ರ ಲಾಗ್ 1.91, ಅದನ್ನು 7.7ರಿಂದ ಗುಣಿಸಿದರೆ ಸುಮಾರು 14.7. ಅಂದರೆ ಕ್ಲೋರಿನ್‌ಗೆ ಎರಡು ಜಾಗಗಳ ನಡುವೆ ಕಾಣುವ ವ್ಯತ್ಯಾಸ 3 ಚಿಲ್ಲರೆ, ಬ್ರೋಮಿನ್‌ಗೆ 15ರ ಹತ್ತಿರ. ಗಮನಿಸಿ, ಬ್ರೋಮಿನ್ ಅಂಕಿ ಬಂದಿರುವುದು 100 ಡಿಗ್ರಿ ಜಾಸ್ತಿ ಉಷ್ಣತೆಯಲ್ಲಿ. ಬಿಸಿ ಜಾಸ್ತಿಯಾದಷ್ಟೂ ಸಾಮಾನ್ಯವಾಗಿ ಆಯ್ಕೆ ಮಸುಕಾಗುತ್ತದೆ. ಅಂಥ ಅನನುಕೂಲ ಇದ್ದೂ ಬ್ರೋಮಿನ್ ಗೆದ್ದಿದೆ.

ಪಕ್ಕದಲ್ಲೇ ಒಂದು ಸಣ್ಣ ಸಮಾಧಾನ. ಶೇ. 95 ಎದುರು 5 ಸಿಗಬೇಕಾದರೆ 25 ಡಿಗ್ರಿಯಲ್ಲಿ ಬೇಕಿರುವುದು ಬರೀ 7.3 ಕಿಲೋಜೂಲ್ ವ್ಯತ್ಯಾಸ. ಒಂದು ಮಾಮೂಲಿ ಹೈಡ್ರೋಜನ್ ಬಂಧ ಮುರಿಯಲು ಬೇಕಾಗುವ ಶಕ್ತಿಗಿಂತಲೂ ಅದು ಕಡಿಮೆ. ಸೆಲೆಕ್ಟಿವಿಟಿ ಅನ್ನುವುದು ತುಂಬಾ ಸಣ್ಣ ಶಕ್ತಿಗಳ ಆಟ. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಸೆಲೆಕ್ಟಿವಿಟಿ ಹೇಳುವುದು ಇಷ್ಟು ಕಷ್ಟವಾಗಿರುವುದೂ ಇದಕ್ಕೇ.

ಹೆಜ್ಜೆ 4: ಆ ಹಂತ ಶಕ್ತಿ ಬಿಡುತ್ತದೋ, ಬೇಡುತ್ತದೋ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ವಿಷಯದ ತಿರುಳು ಇರುವುದೇ ಇಲ್ಲಿ.

ಪ್ರಾಡಕ್ಟ್ ಯಾವುದು ಅಂತ ತೀರ್ಮಾನ ಆಗುವ ಹಂತ ಯಾವುದು? ಹ್ಯಾಲೊಜನ್ ಪರಮಾಣು ಬಂದು ಆಲ್ಕೇನ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುವ ಹಂತ. ಒಂದು ಕಾರ್ಬನ್–ಹೈಡ್ರೋಜನ್ ಬಂಧ ಮುರಿಯುತ್ತದೆ, ಒಂದು ಹೈಡ್ರೋಜನ್–ಹ್ಯಾಲೊಜನ್ ಬಂಧ ಕೂಡುತ್ತದೆ. ಪ್ರೊಪೇನ್‌ನ ತುದಿಯ ಬಂಧ ಮುರಿಯಲು ಸುಮಾರು 422 ಕಿಲೋಜೂಲ್ ಬೇಕು, ನಡುವಿನದಕ್ಕೆ ಸುಮಾರು 412. ವ್ಯತ್ಯಾಸ ಹತ್ತರ ಆಸುಪಾಸು. ಅಳೆದವರು ಯಾರು ಅನ್ನುವುದರ ಮೇಲೆ ಒಂದೆರಡು ಕಿಲೋಜೂಲ್ ಆಚೀಚೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಕಡೆ, ಹೈಡ್ರೋಜನ್–ಕ್ಲೋರಿನ್ ಬಂಧ ಕೂಡಿದಾಗ 431 ಕಿಲೋಜೂಲ್ ಸಿಗುತ್ತದೆ. ಹೈಡ್ರೋಜನ್–ಬ್ರೋಮಿನ್ ಆದರೆ 366 ಅಷ್ಟೇ.

ಕಳೆದು ನೋಡಿ. ಕ್ಲೋರಿನ್‌ಗೆ ತುದಿಯಲ್ಲಿ 9 ಕಿಲೋಜೂಲ್ ಲಾಭ, ನಡುವೆ 19 ಲಾಭ. ಎರಡೂ ಶಕ್ತಿ ಬಿಡುವ ದಾರಿಗಳೇ. ಬ್ರೋಮಿನ್‌ಗೆ ತುದಿಯಲ್ಲಿ 56 ನಷ್ಟ, ನಡುವೆ 46 ನಷ್ಟ. ಎರಡೂ ಶಕ್ತಿ ಬೇಡುವ ದಾರಿಗಳು.

1955ರಲ್ಲಿ ಅಮೆರಿಕದ ಜಾರ್ಜ್ ಹ್ಯಾಮಂಡ್ ಇದರ ಅರ್ಥ ಹೇಳುವ ಒಂದು ಮಾತು ಮುಂದಿಟ್ಟರು. ಪಠ್ಯಗಳಲ್ಲಿ ಹ್ಯಾಮಂಡ್ ಪಾಸ್ಟುಲೇಟ್ ಅಂತ ಇರುವುದು ಅದೇ. ಶಕ್ತಿ ಬಿಡುವ ಹಂತದಲ್ಲಿ ಟ್ರಾನ್ಸಿಷನ್ ಸ್ಟೇಟ್ (ತಡೆಯ ತುದಿಯಲ್ಲಿರುವ ಸ್ಥಿತಿ) ಬೇಗ ಬರುತ್ತದೆ, ನೋಡಲು ಶುರುವಿನ ವಸ್ತುಗಳ ಹಾಗೇ ಇರುತ್ತದೆ. ಶಕ್ತಿ ಬೇಡುವ ಹಂತದಲ್ಲಿ ಅದು ತಡವಾಗಿ ಬರುತ್ತದೆ, ಪ್ರಾಡಕ್ಟ್‌ನ ಹಾಗೆ ಇರುತ್ತದೆ.

ಕ್ಲೋರಿನ್ ಬಂದಾಗ ಕಾರ್ಬನ್–ಹೈಡ್ರೋಜನ್ ಬಂಧ ಸ್ವಲ್ಪ ಉದ್ದವಾಗಿದೆ, ಅಷ್ಟರಲ್ಲೇ ತಡೆ ದಾಟಿ ಆಯಿತು. ರ‍್ಯಾಡಿಕಲ್ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದಿರುವ ರ‍್ಯಾಡಿಕಲ್ ಸೆಕೆಂಡರಿ ಆಗಿದ್ದರೇನು, ಪ್ರೈಮರಿ ಆಗಿದ್ದರೇನು? ಹತ್ತು ಕಿಲೋಜೂಲ್ ವ್ಯತ್ಯಾಸದಲ್ಲಿ ಮೂರೇ ತಡೆಯಲ್ಲಿ ಕಾಣುತ್ತದೆ. ಬ್ರೋಮಿನ್ ವಿಷಯದಲ್ಲಿ ತಡೆಯ ತುದಿ ಮುಟ್ಟುವ ಹೊತ್ತಿಗೆ ಬಂಧ ಹೆಚ್ಚುಕಡಿಮೆ ಮುರಿದೇ ಹೋಗಿರುತ್ತದೆ, ರ‍್ಯಾಡಿಕಲ್ ಎದುರಿಗೇ ಇರುತ್ತದೆ. ಅದರ ಸ್ಥಿರತೆಯ ವ್ಯತ್ಯಾಸ ತಡೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಹಾಗಾಗಿ ಬ್ರೋಮಿನ್ ಆರಿಸುವುದು ಅದು ಮಂದ ಅನ್ನುವ ಕಾರಣಕ್ಕಲ್ಲ. ಮಂದವಾಗಿರುವುದು, ಆರಿಸುವುದು, ಎರಡಕ್ಕೂ ಒಂದೇ ಮೂಲ: ಶಕ್ತಿ ಬೇಡುವ ಹಂತ, ತಡವಾದ ಟ್ರಾನ್ಸಿಷನ್ ಸ್ಟೇಟ್. ಈ ಮೂಲ ಇಲ್ಲದ ಕಡೆ 'ಮಂದ ಆದರೆ ಸೆಲೆಕ್ಟಿವ್' ಅನ್ನುವುದೂ ನಡೆಯುವುದಿಲ್ಲ.

ಇದೇ ಲೆಕ್ಕವನ್ನು ಎರಡು ತುದಿಗೆ ಎಳೆದು ನೋಡಿ. ಹೈಡ್ರೋಜನ್–ಫ್ಲೂರಿನ್ ಬಂಧ ಸುಮಾರು 570 ಕಿಲೋಜೂಲ್, ಲಾಭ 150ರ ಹತ್ತಿರ. ಫ್ಲೂರಿನ್‌ಗೆ ಪ್ರೈಮರಿ, ಸೆಕೆಂಡರಿ, ಟರ್ಷಿಯರಿ ಎಲ್ಲ ಹೆಚ್ಚುಕಡಿಮೆ ಒಂದೇ. ಹಿಡಿತದಲ್ಲಿ ಇಡದಿದ್ದರೆ ಸಿಡಿಯುತ್ತದೆ ಕೂಡ. ಹೈಡ್ರೋಜನ್–ಅಯೋಡಿನ್ ಬಂಧ 298 ಮಾತ್ರ, ನಷ್ಟ 110 ದಾಟುತ್ತದೆ. ಕಾಗದದ ಮೇಲೆ ಅಯೋಡಿನ್ ಎಲ್ಲರಿಗಿಂತ ಸೆಲೆಕ್ಟಿವ್ ಆಗಬೇಕು. ಆದರೆ ರಿಯಾಕ್ಷನ್ನೇ ನಡೆಯದಿದ್ದರೆ ಆ ಸೆಲೆಕ್ಟಿವಿಟಿ ತಗೊಂಡು ಏನು ಮಾಡುವುದು?

ಒಂದು ಎಚ್ಚರಿಕೆ ಇದೆ. ಕ್ಲೋರಿನ್ ಪರಮಾಣುವಿಗೆ ಎಲೆಕ್ಟ್ರಾನ್ ಆಸೆಯೂ ಇದೆ. ಅಣುವಿನಲ್ಲಿ ಎಲೆಕ್ಟ್ರಾನ್ ಎಳೆಯುವ ಗುಂಪು ಇದ್ದರೆ ಅದರ ಪಕ್ಕದ ಹೈಡ್ರೋಜನ್ ಬಿಟ್ಟು ದೂರದ್ದಕ್ಕೆ ಹೋಗುತ್ತದೆ. ಬರೀ ಬಂಧಶಕ್ತಿ ನೋಡಿ ಹೇಳಿದ ಉತ್ತರ ಅಲ್ಲಿ ತಪ್ಪುತ್ತದೆ.

ಹೆಜ್ಜೆ 5: ಒಂದು ಲೆಕ್ಕ ನೀವೇ ಮಾಡಿ

ಮುಂದೆ ಓದುವ ಮೊದಲು ಐಸೋಪೆಂಟೇನ್, ಅಂದರೆ 2-ಮೀಥೈಲ್‌ಬ್ಯೂಟೇನ್, ಚಿತ್ರ ಬಿಡಿಸಿ. 9 ಪ್ರೈಮರಿ ಹೈಡ್ರೋಜನ್ (ಒಂದು ಬಗೆಯವು 6, ಇನ್ನೊಂದು ಬಗೆಯವು 3), 2 ಸೆಕೆಂಡರಿ, 1 ಟರ್ಷಿಯರಿ.

ಕ್ಲೋರಿನ್‌ಗೆ 6, 3, 7.6, 5. ಒಟ್ಟು 21.6. ಶೇಕಡಾವಾರು ಸುಮಾರು 28, 14, 35, 23. ನಾಲ್ಕು ಪ್ರಾಡಕ್ಟ್‌ಗಳ ಕಲಬೆರಕೆ, ಬೇರ್ಪಡಿಸಲು ಕೂತರೆ ದಿನ ಮುಗಿಯುತ್ತದೆ. ಬ್ರೋಮಿನ್‌ಗೆ 6, 3, 164, 1600. ಟರ್ಷಿಯರಿ ಪ್ರಾಡಕ್ಟ್ ಶೇ. 90. ಇಲ್ಲಿ 99 ಬರಲಿಲ್ಲ ನೋಡಿ, ಯಾಕಂದರೆ ಎದುರಾಳಿ ಈಗ ಪ್ರೈಮರಿ ಅಲ್ಲ, ಸೆಕೆಂಡರಿ. 'ಬ್ರೋಮಿನ್ ಅಂದರೆ ಒಂದೇ ಪ್ರಾಡಕ್ಟ್' ಅಂತ ಕಣ್ಣುಮುಚ್ಚಿ ಬರೆಯುವುದೂ ಸರಿಯಲ್ಲ.

ಹೆಜ್ಜೆ 6: ಸೆಲೆಕ್ಟಿವಿಟಿ ಬೇಕಾದರೆ ಏನು ಬದಲಾಯಿಸಬಹುದು

ಲೆಕ್ಕ ಹಾಕಿ ಗೊತ್ತಾಯಿತು, ಆಯ್ಕೆ ಸಾಲದು. ಮುಂದೆ? ರಿಯೇಜೆಂಟ್ ಬದಲಿಸಬಹುದು, ಸಬ್‌ಸ್ಟ್ರೇಟ್ (ರಿಯೇಜೆಂಟ್ ಹೋಗಿ ಬೀಳುವ ವಸ್ತು) ಬದಲಿಸಬಹುದು, ಇಲ್ಲವೇ ಸಾಲ್ವೆಂಟ್, ಉಷ್ಣತೆ ಇವನ್ನು ಬದಲಿಸಬಹುದು.

ರಿಯೇಜೆಂಟ್ ಪಳಗಿಸುವುದಕ್ಕೆ ಹೈಡ್ರೈಡ್‌ಗಳಿಗಿಂತ ಒಳ್ಳೆ ಉದಾಹರಣೆ ಇಲ್ಲ. ಈಥೈಲ್ ಅಸಿಟೋಅಸಿಟೇಟ್‌ನಲ್ಲಿ ಒಂದು ಕೀಟೋನ್, ಒಂದು ಎಸ್ಟರ್ ಇದೆ. ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ಹಾಕಿದರೆ ಎರಡೂ ಆಲ್ಕೊಹಾಲ್ ಆಗಿಹೋಗುತ್ತವೆ. ಅದೇ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಕೀಟೋನ್ ಮಾತ್ರ ಆಲ್ಕೊಹಾಲ್ ಆಗುತ್ತದೆ, ಎಸ್ಟರ್ ಹಾಗೇ ಉಳಿಯುತ್ತದೆ. ಮೊದಲನೆಯದಕ್ಕೆ ನೀರು ಸೋಕಿದರೆ ಬೆಂಕಿ, ಒಣಗಿಸಿದ ಈಥರ್ ಬೇಕು. ಎರಡನೆಯದನ್ನು ಮೆಥನಾಲ್‌ನಲ್ಲೇ ಬಳಸಬಹುದು. ನಡುವಿನ ಮೆಟ್ಟಿಲುಗಳೂ ಇವೆ. ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್‌ಗೆ ಮೂರು ಪಾಲು ಟರ್ಷಿಯರಿ ಬ್ಯೂಟೈಲ್ ಆಲ್ಕೊಹಾಲ್ ಕೊಟ್ಟರೆ ಅದರ ನಾಲ್ಕು ಹೈಡ್ರೈಡ್‌ಗಳಲ್ಲಿ ಒಂದೇ ಉಳಿಯುತ್ತದೆ, ಸುತ್ತ ದಪ್ಪ ಗುಂಪುಗಳು ಕೂರುತ್ತವೆ. ಆಸಿಡ್ ಕ್ಲೋರೈಡನ್ನು ಆಲ್ಡಿಹೈಡ್‌ಗೆ ತಂದು ನಿಲ್ಲಿಸುವಷ್ಟು ಅದು ಪಳಗುತ್ತದೆ. ಇಂಥ ಪಳಗಿಸುವ ಕೆಲಸವನ್ನು ದಶಕಗಟ್ಟಲೆ ಮಾಡಿದ ಹರ್ಬರ್ಟ್ ಸಿ. ಬ್ರೌನ್‌ಗೆ ಬೋರಾನ್ ಸಂಯುಕ್ತಗಳ ಕೆಲಸಕ್ಕಾಗಿ 1979ರ ನೊಬೆಲ್ ಸಿಕ್ಕಿತು.

ಸರಿ, ಎಸ್ಟರ್ ಮಾತ್ರ ಹೋಗಬೇಕು, ಕೀಟೋನ್ ಉಳಿಯಬೇಕು ಅಂದರೆ? ರಿಯೇಜೆಂಟ್ ಎಷ್ಟು ಪಳಗಿಸಿದರೂ ಪ್ರಯೋಜನ ಇಲ್ಲ, ಹೆಚ್ಚು ಚುರುಕಿನ ಗುಂಪೇ ಮೊದಲು ಹೋಗುತ್ತದೆ. ಕೀಟೋನನ್ನು ಎಥಿಲೀನ್ ಗ್ಲೈಕಾಲ್ ಜೊತೆ ಅಸಿಟಾಲ್ ಮಾಡಿ ಮುಚ್ಚಿಡಿ, ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ಹಾಕಿ, ಕೊನೆಗೆ ಆಸಿಡ್ ನೀರಿನಲ್ಲಿ ಮುಚ್ಚಳ ತೆಗೆಯಿರಿ. 4-ಹೈಡ್ರಾಕ್ಸಿ-2-ಬ್ಯೂಟನೋನ್ ಸಿಗುತ್ತದೆ. ಬೊಮ್ಮಸಂದ್ರ, ಜಿಗಣಿ ಕಡೆ ಫಾರ್ಮಾ ಲ್ಯಾಬ್ ಇಂಟರ್‌ವ್ಯೂಗೆ ಹೋಗುವವರು ಈ ಪ್ರಶ್ನೆಗೆ ತಯಾರಾಗಿ ಹೋಗುವುದು ಒಳ್ಳೆಯದು.

ಸಬ್‌ಸ್ಟ್ರೇಟ್ ಪಳಗಿಸುವುದನ್ನು ಬಿಎಸ್‌ಸಿ ಪ್ರಾಕ್ಟಿಕಲ್‌ನಲ್ಲಿ ಎಷ್ಟೋ ಜನ ಕೈಯಾರೆ ಮಾಡಿರುತ್ತಾರೆ, ಯಾಕೆ ಅಂತ ಮಾತ್ರ ಕೇಳಿರುವುದಿಲ್ಲ. ಅನಿಲೀನ್‌ಗೆ ಬ್ರೋಮಿನ್ ನೀರು ಹಾಕಿ. ಬ್ರೋಮಿನ್ ಬಣ್ಣ ಬಿದ್ದ ತಕ್ಷಣ ಮಾಯ, ತಳದಲ್ಲಿ ಬಿಳಿ ಗಸಿ. ಅದು 2,4,6-ಟ್ರೈಬ್ರೋಮೋಅನಿಲೀನ್. ಒಂದು ಬ್ರೋಮಿನ್ ಕೂತ ಮೇಲೆ ರಿಂಗ್ ಸ್ವಲ್ಪ ಮಂದವಾಗುತ್ತದೆ, ನಿಜ. ಆದರೆ ಅಮೈನೋ ಗುಂಪು ಕೊಡುವ ಚುರುಕು ಎಷ್ಟಿದೆ ಅಂದರೆ, ಮಂದವಾದ ಮೇಲೂ ಎರಡನೆಯದು, ಮೂರನೆಯದು ಕೂರುತ್ತವೆ.

ಅದಕ್ಕೇ ಮೊದಲು ಅಸಿಟೈಲ್ ಗುಂಪು ಹಾಕಿ ಅಸಿಟನಿಲೈಡ್ ಮಾಡುವುದು. ನೈಟ್ರೋಜನ್‌ನ ಎಲೆಕ್ಟ್ರಾನ್ ಜೋಡಿ ಈಗ ಪಕ್ಕದ ಕಾರ್ಬೊನಿಲ್ ಜೊತೆ ಹಂಚಿಹೋಗಿದೆ, ರಿಂಗ್‌ಗೆ ಸಿಗುವುದು ಕಮ್ಮಿ. ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿದ ಬ್ರೋಮಿನ್ ಹನಿ ಹನಿಯಾಗಿ ಬಿಟ್ಟರೆ ಒಂದೇ ಬ್ರೋಮಿನ್ ಕೂರುತ್ತದೆ, ಬಹುಪಾಲು ಪ್ಯಾರಾ ಜಾಗದಲ್ಲಿ. ಕರಗುವ ಬಿಂದು ನೋಡಿದರೆ ಸಾಕು: ಅಸಿಟನಿಲೈಡ್ 114 ಡಿಗ್ರಿ ಆಸುಪಾಸು, ಪ್ಯಾರಾ-ಬ್ರೋಮೋಅಸಿಟನಿಲೈಡ್ 167ರ ಆಸುಪಾಸು. ಆಮೇಲೆ ನೀರಿನ ಜೊತೆ ಆಸಿಡ್ ಹಾಕಿ ಕುದಿಸಿದರೆ ಅಸಿಟೈಲ್ ಬಿಟ್ಟುಹೋಗಿ ಪ್ಯಾರಾ-ಬ್ರೋಮೋಅನಿಲೀನ್.

ಆ 'ಹನಿ ಹನಿ' ಅನ್ನುವ ಮಾತು ಸುಮ್ನೆ ಅಲ್ಲ. ರಿಯಾಕ್ಷನ್ ಬೆರೆಯುವುದಕ್ಕಿಂತ ವೇಗವಾಗಿದ್ದರೆ, ಹನಿ ಬಿದ್ದ ಜಾಗದಲ್ಲಿ ಬ್ರೋಮಿನ್ ವಿಪರೀತ ಜಾಸ್ತಿ ಇರುತ್ತದೆ. ಅಲ್ಲಿರುವ ಅಣುವಿಗೆ ಒಂದರ ಮೇಲೊಂದು ಕೂರುತ್ತದೆ, ಪಕ್ಕದ ಅಣುವಿಗೆ ಒಂದೂ ಸಿಗುವುದಿಲ್ಲ. ಹಾಗಾಗಿ ಚುರುಕಿನ ರಿಯೇಜೆಂಟನ್ನು ಸಬ್‌ಸ್ಟ್ರೇಟ್‌ಗೆ ಹಾಕಬೇಕು, ಸಬ್‌ಸ್ಟ್ರೇಟನ್ನು ರಿಯೇಜೆಂಟ್‌ಗೆ ಸುರಿಯಬಾರದು. ಜೋರಾಗಿ ಕಲಕುತ್ತಿರಬೇಕು.

ಅನಿಲೀನ್ ವಿಷಯ ಬಂದಾಗ ಇನ್ನೊಂದು ಮಾತು. ನೇರವಾಗಿ ಗಡುಸು ಆಸಿಡ್‌ನಲ್ಲಿ ನೈಟ್ರೇಷನ್ ಮಾಡಿದರೆ ಮೆಟಾ ಪ್ರಾಡಕ್ಟ್ ಶೇ. 47ರಷ್ಟು ಬರುತ್ತದೆ, ಪ್ಯಾರಾ 51. ಅಮೈನೋ ಗುಂಪು ಇರುವ ಕಡೆ ಮೆಟಾ ಎಲ್ಲಿಂದ? ಆಸಿಡ್‌ನಲ್ಲಿ ಅನಿಲೀನ್‌ನ ಬಹುಪಾಲು ಅನಿಲೀನಿಯಂ ಅಯಾನ್ ಆಗಿಹೋಗಿರುತ್ತದೆ, ಅದು ಹೊಸ ಗುಂಪನ್ನು ಮೆಟಾ ಜಾಗಕ್ಕೆ ಕಳಿಸುತ್ತದೆ. ಪ್ರಾಡಕ್ಟ್ ಲೆಕ್ಕ ವಿಚಿತ್ರವಾಗಿ ಬಂದಾಗ, ಫ್ಲಾಸ್ಕಿನಲ್ಲಿ ನಿಜವಾಗಿ ರಿಯಾಕ್ಟ್ ಆಗುತ್ತಿರುವುದು ನೀವು ಹಾಕಿದ ವಸ್ತುವೇನಾ ಅಂತ ಮೊದಲು ನೋಡಿ.

ಸಾಲ್ವೆಂಟ್ ಬಗ್ಗೆ ಚುಟುಕಾಗಿ. 1950ರ ದಶಕದಲ್ಲಿ ಗ್ಲೆನ್ ರಸೆಲ್ ತೋರಿಸಿದ್ದು ಇದು: 2,3-ಡೈಮೀಥೈಲ್‌ಬ್ಯೂಟೇನ್‌ನ ಕ್ಲೋರಿನೇಷನ್‌ನಲ್ಲಿ ಟರ್ಷಿಯರಿ–ಪ್ರೈಮರಿ ಅನುಪಾತ ಸಾಮಾನ್ಯವಾಗಿ 4ರ ಹತ್ತಿರ. ಜಾಸ್ತಿ ಬೆಂಜೀನ್ ಸೇರಿಸಿದರೆ ಅದು 10 ದಾಟುತ್ತದೆ. ಕ್ಲೋರಿನ್ ಪರಮಾಣು ಬೆಂಜೀನ್ ಜೊತೆ ಸಡಿಲವಾಗಿ ಅಂಟಿಕೊಂಡು ಚುರುಕು ಕಳೆದುಕೊಳ್ಳುತ್ತದೆ. ಬೆಂಜೀನ್ ಕ್ಯಾನ್ಸರ್‌ಕಾರಕ, ಆದ್ದರಿಂದ ಇದನ್ನು ತಿಳಿದುಕೊಂಡರೆ ಸಾಕು, ಮಾಡಿ ನೋಡಬೇಕಿಲ್ಲ. ಫೀನಾಲ್‌ಗೆ ನೀರಿನಲ್ಲಿ ಬ್ರೋಮಿನ್ ಹಾಕಿದರೆ ಮೂರು ಕೂರುತ್ತವೆ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ತಣ್ಣಗೆ ಹಾಕಿದರೆ ಒಂದೇ ಕೂರುತ್ತದೆ ಅನ್ನುವುದು ಪಿಯುಸಿ ಪಾಠದಲ್ಲೇ ಇದೆ.

ಉಷ್ಣತೆಯ ಲೆಕ್ಕ ಹೆಜ್ಜೆ 3ರ ಸೂತ್ರದಿಂದಲೇ ಸಿಗುತ್ತದೆ. 5.7 ಕಿಲೋಜೂಲ್ ವ್ಯತ್ಯಾಸ 25 ಡಿಗ್ರಿಯಲ್ಲಿ 10 ಪಟ್ಟು ಕೊಟ್ಟರೆ, ಡ್ರೈ ಐಸ್–ಅಸಿಟೋನ್ ಕೊಡುವ ಮೈನಸ್ 78 ಡಿಗ್ರಿಯಲ್ಲಿ ಸುಮಾರು 34 ಪಟ್ಟು ಕೊಡುತ್ತದೆ. ತುಂಬಾ ಚುರುಕಿನ ರಿಯೇಜೆಂಟ್‌ಗಳನ್ನು ಮೈನಸ್ 78ರಲ್ಲಿ ಬಳಸುವುದು ಅದಕ್ಕೇ. ಆದರೆ ಎರಡು ದಾರಿಗಳ ನಡುವಿನ ವ್ಯತ್ಯಾಸ ಎಂಟ್ರೊಪಿಯಿಂದ ಬಂದಿದ್ದರೆ ತಣ್ಣಗೆ ಮಾಡಿ ಏನೂ ಸಿಗದೇ ಹೋಗಬಹುದು.

ಹೆಜ್ಜೆ 7: ನಿಯಮ ಎಲ್ಲಿ ಕೈಕೊಡುತ್ತದೆ ಅಂತ ತಿಳಿದಿರಿ

ಇಲ್ಲಿಯವರೆಗೆ ಓದಿದವರಿಗೆ 'ಚುರುಕು ಕಮ್ಮಿ ಮಾಡು, ಆಯ್ಕೆ ಸಿಗುತ್ತದೆ' ಅನ್ನುವುದು ಗಟ್ಟಿ ನಿಯಮ ಅನ್ನಿಸಬಹುದು. ಅಲ್ಲ. ಮ್ಯೂನಿಕ್‌ನ ಹರ್ಬರ್ಟ್ ಮೇಯರ್ ನೂರಾರು ನ್ಯೂಕ್ಲಿಯೋಫೈಲ್ (ಎಲೆಕ್ಟ್ರಾನ್ ಕೊಡುವವು), ಎಲೆಕ್ಟ್ರೋಫೈಲ್‌ಗಳ (ಎಲೆಕ್ಟ್ರಾನ್ ಪಡೆಯುವವು) ವೇಗ ಅಳೆದವರು. 2006ರಲ್ಲಿ ಅವರು ಆರ್ಮಿನ್ ಒಫಿಯಾಲ್ ಜೊತೆ ಬರೆದ ಲೇಖನದಲ್ಲಿ ಈ ನಿಯಮವನ್ನು ಸಾಯದ ಮಿಥ್ಯೆ ಅಂತಲೇ ಕರೆದರು. ಅವರ ಅಳತೆಗಳಲ್ಲಿ ಕಂಡದ್ದು ಹೀಗೆ: ಒಂದೇ ಬಗೆಯ ಎರಡು ನ್ಯೂಕ್ಲಿಯೋಫೈಲ್‌ಗಳ ಎದುರು ಒಂದಕ್ಕಿಂತ ಒಂದು ಚುರುಕಾದ ಎಲೆಕ್ಟ್ರೋಫೈಲ್‌ಗಳನ್ನು ಹಾಕುತ್ತಾ ಹೋದರೆ ವೇಗ ಎಷ್ಟೋ ಸಾವಿರ ಪಟ್ಟು ಏರುತ್ತದೆ, ಆದರೆ ಅವೆರಡರ ನಡುವಿನ ಅನುಪಾತ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಹಾಗಾದರೆ ಅನುಪಾತ ಯಾವಾಗ ಬೀಳುತ್ತದೆ? ವೇಗ ಒಂದು ಮಿತಿ ಮುಟ್ಟಿದಾಗ. ದ್ರಾವಣದಲ್ಲಿ ಎರಡು ಅಣುಗಳು ಒಂದನ್ನೊಂದು ಸೇರಲು ಹರಿದಾಡಬೇಕು. ಆ ಹರಿದಾಟದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಯಾವ ರಿಯಾಕ್ಷನ್ನೂ ನಡೆಯುವುದಿಲ್ಲ. ಮಾಮೂಲಿ ಸಾಲ್ವೆಂಟ್‌ಗಳಲ್ಲಿ ಈ ಮಿತಿ ಪ್ರತಿ ಮೋಲಾರ್‌ಗೆ ಪ್ರತಿ ಸೆಕೆಂಡಿಗೆ ನೂರು ಕೋಟಿಯಿಂದ ಸಾವಿರ ಕೋಟಿಯ ನಡುವೆ. ವೇಗದ ನ್ಯೂಕ್ಲಿಯೋಫೈಲ್ ಈ ಮಿತಿ ಮುಟ್ಟಿ ನಿಂತಿತು, ನಿಧಾನದ್ದು ಹಿಂದಿನಿಂದ ಬಂದು ಸೇರಿತು, ಅನುಪಾತ 1 ಆಯಿತು. ಇಲ್ಲಿ ಟ್ರಾನ್ಸಿಷನ್ ಸ್ಟೇಟ್ ಬೇಗ ಬಂತೋ ತಡವಾಯಿತೋ ಅನ್ನುವ ಪ್ರಶ್ನೆಯೇ ಇಲ್ಲ. ಯಾರು ಮೊದಲು ಸಿಕ್ಕರೋ ಅವರ ಜೊತೆ ರಿಯಾಕ್ಷನ್.

ಹೆಜ್ಜೆ 1ರಲ್ಲಿ ಹೇಳಿದ ವಿಚಿತ್ರ ಉದಾಹರಣೆ ಇಲ್ಲಿ ಬರುತ್ತದೆ. 1960ರ ದಶಕದ ಶುರುವಿನಲ್ಲಿ ಜಾರ್ಜ್ ಓಲಾ ತಂಡ ನೈಟ್ರೋನಿಯಂ ಟೆಟ್ರಾಫ್ಲೂರೋಬೊರೇಟ್ ಬಳಸಿ ಬೆಂಜೀನ್, ಟಾಲುವೀನ್ ಮಿಶ್ರಣವನ್ನು ನೈಟ್ರೇಷನ್ ಮಾಡಿತು. ಮಾಮೂಲಿ ನೈಟ್ರೇಷನ್‌ನಲ್ಲಿ ಟಾಲುವೀನ್ ಬೆಂಜೀನ್‌ಗಿಂತ ಇಪ್ಪತ್ತು ಚಿಲ್ಲರೆ ಪಟ್ಟು ವೇಗ. ಇಲ್ಲಿ ಎರಡು ಪಟ್ಟೂ ಇರಲಿಲ್ಲ. ಅಣು–ಅಣು ನಡುವಿನ ಆಯ್ಕೆ ಸತ್ತೇ ಹೋಗಿತ್ತು. ಆದರೆ ಟಾಲುವೀನ್ ಒಳಗೆ ನೋಡಿದರೆ ಮೆಟಾ ಪ್ರಾಡಕ್ಟ್ ಶೇ. 3ರಷ್ಟು ಮಾತ್ರ, ಉಳಿದದ್ದು ಆರ್ಥೋ, ಪ್ಯಾರಾ. ಜಾಗಗಳ ನಡುವಿನ ಆಯ್ಕೆ ಗಟ್ಟಿಯಾಗಿಯೇ ಇತ್ತು. ಯಾವ ಅಣು ಅನ್ನುವುದು ಒಂದು ಹಂತದಲ್ಲಿ ತೀರ್ಮಾನ ಆಗುತ್ತದೆ, ಯಾವ ಜಾಗ ಅನ್ನುವುದು ಅದರ ನಂತರದ ಹಂತದಲ್ಲಿ. ಅಣುವನ್ನು ತೀರ್ಮಾನಿಸಿದ ಹಂತಕ್ಕೆ ಒಂದು ಜಾಗವನ್ನು ಇನ್ನೊಂದರಿಂದ ಬೇರೆ ಮಾಡುವ ಕೆಲಸವೇ ಇಲ್ಲ. ಬೆರೆಯುವ ವೇಗವೂ ಇದರಲ್ಲಿ ಕೈ ಆಡಿಸಿದೆ ಅಂತ ಆಮೇಲೆ ದೊಡ್ಡ ಚರ್ಚೆಯೇ ನಡೆಯಿತು.

ಇನ್ನು ಎಂಜೈಮ್‌ಗಳು. ನಿಯಮ ಪೂರ್ತಿ ಉಲ್ಟಾ ಆಗುವುದು ಅಲ್ಲಿ. ಸ್ಯೂಡೋಮೊನಾಸ್ ಪ್ಯುಟಿಡಾ ಅನ್ನುವ ಬ್ಯಾಕ್ಟೀರಿಯಾ ಕರ್ಪೂರ ತಿಂದು ಬದುಕಬಲ್ಲದು. ಅದರ ಸೈಟೋಕ್ರೋಮ್ ಪಿ450 ಎಂಜೈಮ್‌ನಲ್ಲಿ ಕಬ್ಬಿಣಕ್ಕೆ ಅಂಟಿದ ಆಕ್ಸಿಜನ್ ಭಯಂಕರ ಚುರುಕು, ಗಟ್ಟಿ ಕಾರ್ಬನ್–ಹೈಡ್ರೋಜನ್ ಬಂಧವನ್ನೂ ಒಡೆಯುತ್ತದೆ. ಕರ್ಪೂರದಲ್ಲಿ 16 ಹೈಡ್ರೋಜನ್ ಇವೆ. ಅದು ಹೋಗಿ ಕೂರುವುದು ಐದನೇ ಕಾರ್ಬನ್‌ನ ಒಂದೇ ಬದಿಗೆ. ಎಂಜೈಮ್‌ನ ಒಂದು ಟೈರೋಸಿನ್ ಕರ್ಪೂರದ ಕಾರ್ಬೊನಿಲ್‌ಗೆ ಹೈಡ್ರೋಜನ್ ಬಂಧ ಹಾಕಿ ಅಲುಗಾಡದಂತೆ ಹಿಡಿದಿರುತ್ತದೆ, ಆ ಜಾಗವೇ ಆಕ್ಸಿಜನ್ ಎದುರಿಗೆ ಬರುತ್ತದೆ. ಚುರುಕು ಕಮ್ಮಿ ಮಾಡದೆ ಆಯ್ಕೆ ಪಡೆಯುವ ದಾರಿ ಇದು. ಲ್ಯಾಬಿನಲ್ಲಿ ಅಣುವಿಗೆ ಡೈರೆಕ್ಟಿಂಗ್ ಗ್ರೂಪ್ (ದಾರಿ ತೋರಿಸುವ ಗುಂಪು) ಹಾಕಿ ಪಲೇಡಿಯಂ ಕ್ಯಾಟಲಿಸ್ಟನ್ನು ಬೇಕಾದ ಬಂಧದ ಪಕ್ಕಕ್ಕೆ ಎಳೆದು ತರುವವರು ಮಾಡುವುದೂ ಇದೇ ಕೆಲಸ.

ಹೆಜ್ಜೆ 8: ಅಳೆಯುವಾಗ ಮೋಸ ಹೋಗಬೇಡಿ

ಎರಡು ಸಬ್‌ಸ್ಟ್ರೇಟ್ ಒಂದೇ ಫ್ಲಾಸ್ಕಿಗೆ ಹಾಕಿ ಸ್ಪರ್ಧೆ ಇಡುವುದು ಸೆಲೆಕ್ಟಿವಿಟಿ ಅಳೆಯಲು ಸುಲಭದ ದಾರಿ. ಆದರೆ ರಿಯಾಕ್ಷನ್ ಪೂರ್ತಿ ಓಡಲು ಬಿಟ್ಟು ಕೊನೆಗೆ ಪ್ರಾಡಕ್ಟ್ ಅನುಪಾತ ನೋಡಿದರೆ ತಪ್ಪು ಅಂಕಿ ಸಿಗುತ್ತದೆ. ಒಂದು ಲೆಕ್ಕ ನೋಡಿ. ಎರಡೂ ಸಮ ಪ್ರಮಾಣದಲ್ಲಿ ಹಾಕಿದ್ದೀರಿ. ಮೊದಲನೆಯದು ಶೇ. 90 ಮುಗಿದಿದೆ, ಎರಡನೆಯದು ಶೇ. 37. ಪ್ರಾಡಕ್ಟ್ ಅನುಪಾತ 2.4. ನಿಜವಾದ ವೇಗದ ಅನುಪಾತ ಎಷ್ಟು? ಉಳಿದ ಪಾಲು 0.10 ಮತ್ತು 0.63. ಎರಡರ ಲಾಗ್ ತೆಗೆದು ಭಾಗಿಸಿದರೆ 5. ವೇಗದ್ದು ಬೇಗ ಖಾಲಿಯಾಗಿದ್ದರಿಂದ ಆಮೇಲೆ ನಿಧಾನದ್ದಕ್ಕೆ ಅವಕಾಶ ಸಿಕ್ಕಿದೆ, ಅಷ್ಟೇ.

ಹಾಗಾಗಿ ರಿಯೇಜೆಂಟ್ ಕಮ್ಮಿ ಹಾಕಿ, ಶೇ. 5ರಿಂದ 10ರಷ್ಟು ಮುಗಿದಾಗಲೇ ನಿಲ್ಲಿಸಿ, ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ನೋಡಿ. ಇಲ್ಲವೇ ಮೇಲಿನ ಲಾಗ್ ಲೆಕ್ಕ ಹಾಕಿ. ಆಮೇಲೆ ಶುದ್ಧ ಪ್ರಾಡಕ್ಟ್ ಒಂದನ್ನು ತಗೊಂಡು ಅದೇ ಉಷ್ಣತೆ, ಅದೇ ಆಸಿಡ್, ಅಷ್ಟೇ ಹೊತ್ತು ಇಟ್ಟು ನೋಡಿ. ಅದು ಇನ್ನೊಂದು ಪ್ರಾಡಕ್ಟ್ ಆಗಿ ಬದಲಾಗುತ್ತಿದ್ದರೆ ನೀವು ಅಳೆದದ್ದು ತಡೆಗಳ ವ್ಯತ್ಯಾಸವೇ ಅಲ್ಲ, ಪ್ರಾಡಕ್ಟ್‌ಗಳ ಸ್ಥಿರತೆಯ ವ್ಯತ್ಯಾಸ. ಆಗ ಹೆಜ್ಜೆ 4ರ ಬಂಧಶಕ್ತಿ ಲೆಕ್ಕವನ್ನು ಪಕ್ಕಕ್ಕಿಟ್ಟು, ಬೇಗ ನಿಲ್ಲಿಸಿದ ಇನ್ನೊಂದು ಫ್ಲಾಸ್ಕಿನಿಂದ ಮತ್ತೆ ಶುರು ಮಾಡಬೇಕಾಗುತ್ತದೆ.